ವಿಂಡೋಸ್ ನಿಧಾನ, ಗಡಿಯಾರ ಐದೂವರೆ ಗಂಟೆ ಹಿಂದೆ: ತಪ್ಪು ಸರ್ವರ್‌ದಲ್ಲ

ಓದುಗರ ಪ್ರಶ್ನೆ

"ಸಾಗರ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಕೆಲಸವೂ ನನ್ನ ತಲೆಗೇ ಬಂದಿದೆ. ಹೋದ ವರ್ಷ ಎರಡು ಹಳೇ ಪಿಸಿ ತೆಗೆದು ಒಂದು ಸರ್ವರ್ ತಂದೆವು. ಅದಕ್ಕೆ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಲೆಕ್ಕದ ಸಾಫ್ಟ್‌ವೇರ್‌ಗೆ ಒಂದು ವಿಂಡೋಸ್ 10, ಫೈಲ್ ಇಡಲು ಒಂದು ಲಿನಕ್ಸ್ ಮಾಡಿದೆ. ಲಿನಕ್ಸ್ ಚುರುಕಾಗಿದೆ. ವಿಂಡೋಸ್ ಮಾತ್ರ ಹಳೇ ಪಿಸಿಗಿಂತ ನಿಧಾನ. ಯಾರೂ ಕೆಲಸ ಮಾಡದಿದ್ದರೂ ಪ್ರೊಸೆಸರ್ ಬಳಕೆ ಇಳಿಯುವುದಿಲ್ಲ. ಕರೆಂಟ್ ಹೋಗಿ ಬಂದ ದಿನ ಬೆಳಿಗ್ಗೆ ಹತ್ತಕ್ಕೆ ಹೊಡೆದ ಬಿಲ್ಲಿನಲ್ಲಿ ನಾಲ್ಕೂವರೆ ಅಂತ ಬರುತ್ತದೆ. ಇಂಟರ್ನೆಟ್ ಬಂದ ಮೇಲೆ ತಾನೇ ಸರಿಹೋಗುತ್ತದೆ. ಗೆಳೆಯರೊಬ್ಬರು ಡಿಸ್ಕನ್ನು ವರ್ಟ್‌ಐಒ ಎಂಬ ವೇಗದ ಬಗೆಗೆ ಬದಲಿಸು ಅಂದರು. ಬದಲಿಸಿದೆ, ನೀಲಿ ಪರದೆ ಬಂತು. ಹೆದರಿ ಮೊದಲಿನಂತೆ ಮಾಡಿದೆ. ಇನ್ನೊಬ್ಬರು, ವರ್ಟ್‌ಐಒ ಹಾಕಿದರೆ ಒಳಗಿನ ವಿಂಡೋಸ್‌ಗೆ ಸರ್ವರ್‌ನ ಬಾಗಿಲು ತೆರೆದಿಟ್ಟ ಹಾಗೆ, ವೈರಸ್ ಬಂದರೆ ಎಲ್ಲಾ ಹೋಯಿತು ಅನ್ನುತ್ತಾರೆ. ಸಂಘದ ದುಡ್ಡಿನಲ್ಲಿ ತಂದಿದ್ದು. ಕಮಿಟಿಯವರಿಗೆ ಏನು ಹೇಳಲಿ?"

ಉತ್ತರ

ಕಮಿಟಿಯವರಿಗೆ ಮೊದಲು ಇದನ್ನು ಹೇಳಿ: ಸರ್ವರ್ ಚೆನ್ನಾಗಿಯೇ ಇದೆ, ದುಡ್ಡು ಹಾಳಾಗಿಲ್ಲ. ಅದೇ ಯಂತ್ರದ ಮೇಲೆ ಲಿನಕ್ಸ್ ಚುರುಕಾಗಿ ಓಡುತ್ತಿದೆಯಲ್ಲ, ಬೇರೆ ಸಾಕ್ಷಿ ಬೇಡ. ನಿಧಾನ, ಇಳಿಯದ ಪ್ರೊಸೆಸರ್, ಹಿಂದೆ ಹೋಗುವ ಗಡಿಯಾರ, ನೀಲಿ ಪರದೆ. ನಾಲ್ಕೂ ಬೇರೆ ಬೇರೆ ಕಾಯಿಲೆಯ ಹಾಗೆ ಕಾಣುತ್ತವೆ. ನನ್ನ ಅನುಭವದಲ್ಲಿ ಇವು ಒಟ್ಟಿಗೆ ಬಂದಾಗ ಬೇರು ಒಂದೇ ಇರುತ್ತದೆ: ಹೈಪರ್‌ವೈಸರ್, ಅಂದರೆ ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಸಾಫ್ಟ್‌ವೇರ್, ನಿಮ್ಮ ವಿಂಡೋಸ್‌ಗೆ ಅದಕ್ಕೆ ಹೊಂದದ ಯಂತ್ರವೊಂದನ್ನು ತೋರಿಸುತ್ತಿದೆ.

ಗಡಿಯಾರದಿಂದಲೇ ಶುರು ಮಾಡೋಣ, ಸುಳಿವು ಸಿಗುವುದು ಅಲ್ಲೇ. ಕೆಟ್ಟ ಗಡಿಯಾರ ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ಇಪ್ಪತ್ತು ನಿಮಿಷ ಹೀಗೆ ತಪ್ಪುತ್ತದೆ. ನಿಮ್ಮದು ಸರಿಯಾಗಿ ಐದೂವರೆ ಗಂಟೆ ಹಿಂದೆ ಹೋಗುತ್ತಿದೆ. ಭಾರತದ ಸಮಯ ಗ್ರೀನಿಚ್ ಸಮಯಕ್ಕಿಂತ ಮುಂದೆ ಇರುವುದೂ ಅಷ್ಟೇ. ಮದರ್‌ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ಸಮಯ ಇಡುವುದು ಲಿನಕ್ಸ್‌ನ ರೂಢಿ. ಊರಿನ ಸಮಯ ಇಡುವುದು ವಿಂಡೋಸ್‌ನ ರೂಢಿ. ವರ್ಚುವಲ್ ಮೆಷಿನ್‌ನಲ್ಲಿ (ವಿಎಂ, ಅಂದರೆ ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್) ನಿಜವಾದ ಮದರ್‌ಬೋರ್ಡ್ ಇಲ್ಲ, ಗಡಿಯಾರವೂ ಹೈಪರ್‌ವೈಸರ್ ತೋರಿಸಿದ್ದೇ. ಅದು ಗ್ರೀನಿಚ್ ಸಮಯ ತೋರಿಸುತ್ತಿದೆ, ವಿಂಡೋಸ್ ಅದನ್ನು ಸಾಗರದ ಸಮಯ ಅಂದುಕೊಳ್ಳುತ್ತಿದೆ. ಇಂಟರ್ನೆಟ್ ಇದ್ದ ದಿನ ವಿಂಡೋಸ್ ಹೊರಗಡೆ ಕೇಳಿ ತಿದ್ದಿಕೊಳ್ಳುತ್ತದೆ. ಕರೆಂಟ್ ಹೋಗಿ, ಜೊತೆಗೆ ಇಂಟರ್ನೆಟ್ಟೂ ಹೋದ ದಿನ ಕೇಳುವುದು ಯಾರನ್ನು?

ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ವಿಎಂ ಆರಿಸಿ, ಆಪ್ಷನ್ಸ್ ಪುಟದಲ್ಲಿ ಓಎಸ್ ಟೈಪ್ ಎಂಬ ಸಾಲು ನೋಡಿ. ಅಲ್ಲಿ ವಿಂಡೋಸ್ ಇರುವುದಿಲ್ಲ, ಲಿನಕ್ಸ್ ಅಥವಾ ಅದರ್ ಅಂತ ಇರುತ್ತದೆ ಎಂದು ನನಗೆ ಬಹುಮಟ್ಟಿಗೆ ಖಾತ್ರಿ. ವಿಎಂ ಮಾಡುವಾಗ ಆ ಆಯ್ಕೆ ಬರೀ ಹೆಸರಿಗೆ ಅಂದುಕೊಂಡು ಸುಮ್ನೆ ಮುಂದೆ ಹೋಗುವವರು ಬಹಳ ಜನ. ಅದು ಹೆಸರಲ್ಲ. ವಿಂಡೋಸ್ ಎಂದು ಆರಿಸಿದರೆ ಗಡಿಯಾರ ಊರಿನ ಸಮಯಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವೂ ಆಗುತ್ತದೆ. ಅದು ಗೊತ್ತಾಗಬೇಕಾದರೆ ಸ್ವಲ್ಪ ಒಳಗೆ ಇಳಿಯಬೇಕು.

ವರ್ಚುವಲ್ ಅಂದರೆ ಎಲ್ಲವೂ ನಿಧಾನ ಎಂಬ ನಂಬಿಕೆ ಇದೆ. ಅದು ನಿಜವಲ್ಲ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಕೂಡುವುದು, ಕಳೆಯುವುದು, ಹುಡುಕುವುದು ಎಲ್ಲಾ ಅಸಲಿ ಪ್ರೊಸೆಸರ್ ಮೇಲೆ ನೇರವಾಗಿಯೇ ನಡೆಯುತ್ತದೆ. ಮೊದಲು ಹಾಗಿರಲಿಲ್ಲ. ಒಂದು ಪ್ರೊಸೆಸರನ್ನು ಸುಲಭವಾಗಿ ವರ್ಚುವಲ್ ಮಾಡಬೇಕಾದರೆ ಅದರಲ್ಲಿ ಏನಿರಬೇಕು ಎಂದು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ಬರೆದಿಟ್ಟಿದ್ದರು. ಯಂತ್ರದ ಸ್ಥಿತಿಯನ್ನು ಮುಟ್ಟುವ ಪ್ರತಿಯೊಂದು ಆದೇಶವನ್ನೂ ಹೈಪರ್‌ವೈಸರ್ ಹಿಡಿಯುವಂತಿರಬೇಕು ಅನ್ನುವುದು ಅದರ ತಿರುಳು. ನಮ್ಮ ಪಿಸಿಗಳ ಪ್ರೊಸೆಸರ್ ಹಾಗಿರಲಿಲ್ಲ. ಕೆಲವು ಆದೇಶಗಳು ಹಿಡಿತಕ್ಕೆ ಸಿಗದೆ ನುಸುಳಿಬಿಡುತ್ತಿದ್ದವು. ವಿಎಂವೇರ್ 1999ರಲ್ಲಿ ಅಂಥ ಆದೇಶಗಳನ್ನು ಓಡುವಾಗಲೇ ತಿದ್ದಿ ಬರೆದು ದಾರಿ ಮಾಡಿಕೊಂಡಿತು. ಕೇಂಬ್ರಿಡ್ಜ್‌ನವರ ಜೆನ್ 2003ರಲ್ಲಿ ಬೇರೆ ದಾರಿ ಹಿಡಿಯಿತು: ಗೆಸ್ಟ್ ಓಎಸ್ಸನ್ನೇ, ಅಂದರೆ ವಿಎಂ ಒಳಗೆ ಓಡುವ ಓಎಸ್ಸನ್ನೇ, ಸ್ವಲ್ಪ ಬದಲಿಸಿ, ತಾನು ಗೆಸ್ಟ್ ಎಂದು ಅದಕ್ಕೇ ಗೊತ್ತಿರುವಂತೆ ಮಾಡಿತು. 2005 ಮತ್ತು 2006ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೇ ಈ ಸೌಲಭ್ಯ ಬಂತು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸ್ ಒಳಗೇ ಸೇರಿತು. ಪ್ರಾಕ್ಸ್‌ಮಾಕ್ಸ್ ಬಳಸುವುದು ಅದನ್ನೇ.

ಹಾಗಾದರೆ ನಿಧಾನ ಆಗುವುದು ಎಲ್ಲಿ? ವಿಂಡೋಸ್ ತನ್ನ ಹೊರಗಿನ ವಸ್ತುವನ್ನು ಮುಟ್ಟುವಾಗ. ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಗಡಿಯಾರ. ಇವನ್ನು ತೋರಿಸಲು ಹೈಪರ್‌ವೈಸರ್‌ಗೆ ಮೂರು ದಾರಿ ಇವೆ.

ಒಂದು, ಯಾವುದೋ ಹಳೆಯ ನಿಜವಾದ ಯಂತ್ರದ ವೇಷ ಹಾಕುವುದು. ಓಎಸ್ ಟೈಪ್ ಅದರ್ ಇದ್ದರೆ ಪ್ರಾಕ್ಸ್‌ಮಾಕ್ಸ್ ಹೆಚ್ಚಾಗಿ ಇದನ್ನೇ ಮಾಡುತ್ತದೆ. ನಿಮ್ಮ ವಿಂಡೋಸ್ ಕಣ್ಣಿಗೆ ಕಾಣುತ್ತಿರುವ ಚಿಪ್‌ಸೆಟ್ ಇಂಟೆಲ್‌ನ 440ಎಫ್‌ಎಕ್ಸ್, ಅದು 1996ರದ್ದು. ಡಿಸ್ಕ್ ಐಡಿಇ, ಅಂದರೆ ಹಳೆಯ ಬಗೆಯ ಡಿಸ್ಕ್ ಜೋಡಣೆ. ನೆಟ್‌ವರ್ಕ್ ಕಾರ್ಡ್ ಇಂಟೆಲ್ ಇ1000. ಈ ವೇಷಕ್ಕೆ ಒಂದು ದೊಡ್ಡ ಗುಣ ಇದೆ. ಅಂಥ ಹಳೆಯ ವಸ್ತುಗಳಿಗೆ ಡ್ರೈವರ್ (ವಸ್ತುವಿನ ಜೊತೆ ಮಾತಾಡುವ ಸಾಫ್ಟ್‌ವೇರ್) ಓಎಸ್ ಜೊತೆಗೇ ಬಂದಿರುತ್ತದೆ, ಏನೂ ಹಾಕದೆ ಶುರುವಾಗುತ್ತದೆ. ಬೆಲೆ ತೆರಬೇಕಾದ್ದು ಆಮೇಲೆ. ನಿಜವಾದ ಐಡಿಇ ಕಂಟ್ರೋಲರ್‌ಗೆ ಒಂದು ಕೆಲಸ ಹೇಳಬೇಕಾದರೆ ಡ್ರೈವರ್ ಅದರ ಹಲವು ರಿಜಿಸ್ಟರ್‌ಗಳಲ್ಲಿ (ಆದೇಶ ಬರೆಯುವ ಪುಟ್ಟ ಜಾಗಗಳು) ಒಂದಾದಮೇಲೊಂದು ಬರೆಯಬೇಕು. ಇಲ್ಲಿ ಆ ರಿಜಿಸ್ಟರ್‌ಗಳೇ ಇಲ್ಲ. ಹಾಗಾಗಿ ಬರೆದಾಗಲೆಲ್ಲ ಪ್ರೊಸೆಸರ್ ಗೆಸ್ಟನ್ನು ಅಲ್ಲೇ ನಿಲ್ಲಿಸಿ ಹೈಪರ್‌ವೈಸರ್‌ಗೆ ಬರುತ್ತದೆ, ಅದು ವೇಷ ನಡೆಸಿ ಉತ್ತರ ಕೊಡುತ್ತದೆ, ಪ್ರೊಸೆಸರ್ ವಾಪಸ್ ಹೋಗುತ್ತದೆ. ಇದಕ್ಕೆ ವಿಎಂ ಎಕ್ಸಿಟ್ ಅನ್ನುತ್ತಾರೆ. ಒಂದೊಂದು ಸಲವೂ ಪ್ರೊಸೆಸರ್‌ನ ಸಾವಿರಾರು ಸೈಕಲ್ ಇದಕ್ಕೇ ಹೋಗುತ್ತವೆ. ಸಾಲದ್ದಕ್ಕೆ ಐಡಿಇ ಒಂದು ಸಲಕ್ಕೆ ಒಂದೇ ಕೋರಿಕೆ ತೆಗೆದುಕೊಳ್ಳುತ್ತದೆ. ಐದು ಮೇಜಿನಿಂದ ಒಟ್ಟಿಗೆ ಬಿಲ್ ಹೊಡೆದರೆ ನಾಲ್ವರು ಕಾಯಬೇಕು.

ಎರಡನೆಯದು ವರ್ಟ್‌ಐಒ. ಇದನ್ನು ರೂಪಿಸಿದವರು ರಸ್ಟಿ ರಸೆಲ್. 2008ರ ಹೊತ್ತಿಗೆ ಅದು ಲಿನಕ್ಸ್ ಕರ್ನೆಲ್ (ಓಎಸ್‌ನ ತಿರುಳು) ಒಳಗಿತ್ತು, ಆಮೇಲೆ ಒಯಾಸಿಸ್ ಸಂಸ್ಥೆಯ ಮೂಲಕ ಎಲ್ಲರೂ ಒಪ್ಪಿದ ಮಾನದಂಡವೂ ಆಯಿತು. ವರ್ಟ್‌ಐಒ ಕಾರ್ಡ್ ಅಂತ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಏಕೆಂದರೆ ಇದು ಯಾವ ಅಸಲಿ ವಸ್ತುವಿನ ನಕಲೂ ಅಲ್ಲ. ಗೆಸ್ಟ್ ಮತ್ತು ಹೈಪರ್‌ವೈಸರ್ ಇಬ್ಬರೂ ಕೂತು ಮಾಡಿಕೊಂಡ ಒಪ್ಪಂದ.

ನಿಮ್ಮ ಮಂಡಿಯ ಲೆಕ್ಕದಲ್ಲೇ ಹೇಳುತ್ತೇನೆ. ರೈತರೊಬ್ಬರು ನಲವತ್ತು ಚೀಲ ತಂದರು ಅಂದುಕೊಳ್ಳಿ, ಒಂದಷ್ಟು ರಾಶಿ, ಒಂದಷ್ಟು ಬೆಟ್ಟೆ, ಎರಡು ಗೊರಬಲು. ಐಡಿಇ ರೀತಿ ಅಂದರೆ ಪ್ರತಿ ಚೀಲಕ್ಕೂ ಕೌಂಟರಿಗೆ ಹೋಗಿ, ರೈತರ ಹೆಸರು ಹೇಳಿ, ಊರು ಹೇಳಿ, ನಮೂನೆ ಹೇಳಿ, ಚೀಟಿ ಬರೆಸಿಕೊಂಡು ಬಂದು, ತೂಕ ಆದಮೇಲೆ ಮುಂದಿನ ಚೀಲಕ್ಕೆ ಮತ್ತೆ ಕೌಂಟರಿಗೆ ಹೋಗುವುದು. ವರ್ಟ್‌ಐಒ ರೀತಿ ಬೇರೆ. ಇಬ್ಬರಿಗೂ ಕಾಣುವ ಜಾಗದಲ್ಲಿ ಒಂದು ಪುಸ್ತಕ ಇರುತ್ತದೆ. ಅದರ ಒಂದು ಭಾಗದಲ್ಲಿ ಯಾವ ಚೀಲ ಎಲ್ಲಿದೆ ಎಂಬ ವಿವರ. ಇನ್ನೊಂದರಲ್ಲಿ ತೂಕಕ್ಕೆ ಇಟ್ಟಿದ್ದು, ಮತ್ತೊಂದರಲ್ಲಿ ತೂಕ ಮುಗಿದದ್ದು. ನಲವತ್ತನ್ನೂ ಬರೆದು ಒಂದು ಸಲ ಗಂಟೆ ಹೊಡೆದರೆ ಸಾಕು. ತೂಕದವರು ಮಾಡುತ್ತಾ ಹೋಗಿ, ಮುಗಿದದ್ದನ್ನು ಆ ಭಾಗದಲ್ಲಿ ಬರೆಯುತ್ತಾರೆ. ಆ ಪುಸ್ತಕ ಅಂದರೆ ಗೆಸ್ಟ್‌ನ ಮೆಮೊರಿಯಲ್ಲಿ ಇಬ್ಬರೂ ಓದುವ ಜಾಗ. ಗಂಟೆ ಅಂದರೆ ಒಂದು ಎಕ್ಸಿಟ್. ನಲವತ್ತು ಕೆಲಸಕ್ಕೆ ಒಂದು, ಅಲ್ವಾ? ತೂಕದವರು ಆಗಲೇ ಕೆಲಸದಲ್ಲಿದ್ದರೆ ಗಂಟೆಯೂ ಬೇಡ ಎಂದು ಹೇಳುವ ಏರ್ಪಾಡು ಕೂಡ ಇದೆ. ಇದನ್ನು ಮೊದಲ ಸಲ ಓದಿದಾಗ ಇಷ್ಟು ಸರಳವಾದ ಯೋಚನೆಯಿಂದ ಇಷ್ಟು ಲಾಭವೇ ಎಂದು ನನಗೆ ಬಹಳ ಸಂತೋಷವಾಗಿತ್ತು, ಈಗಲೂ ಆಗುತ್ತದೆ.

ಮೂರನೆಯದು ಅಸಲಿ ವಸ್ತುವನ್ನೇ ಗೆಸ್ಟ್ ಕೈಗೆ ಕೊಡುವುದು. ಸಂಘದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಇದೇ ಸರಿ. ಡಿಸ್ಕ್, ನೆಟ್‌ವರ್ಕ್ ಕಾರ್ಡನ್ನು ಹೀಗೆ ಕೊಡುವುದು ನಿಮ್ಮಂಥ ಕಚೇರಿಗೆ ಬೇಡ. ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ, ಸರ್ವರ್ ಬದಲಿಸಿದ ದಿನ ಎಲ್ಲಾ ಹೊಸದಾಗಿ ಹೊಂದಿಸಬೇಕು.

ಈಗ ಓಎಸ್ ಟೈಪ್ ಮಾಡುವ ಆ ಇನ್ನೊಂದು ಕೆಲಸಕ್ಕೆ ಬರೋಣ. ಗೆಸ್ಟ್‌ಗೆ ತಾನು ಗೆಸ್ಟ್ ಎಂದು ಗೊತ್ತಾಗಬಾರದು ಎಂದು ಕೆಲವರು ಹೇಳುತ್ತಾರೆ. ಈಗಿನ ಹೈಪರ್‌ವೈಸರ್‌ಗಳು ಅದನ್ನು ಬೇಕೆಂದೇ ಹೇಳುತ್ತವೆ. ಪ್ರೊಸೆಸರ್‌ನಲ್ಲಿ ಸಿಪಿಯುಐಡಿ ಎಂಬ ಆದೇಶ ಇದೆ, ನೀನು ಯಾರು ಎಂದು ಕೇಳುವುದಕ್ಕೆ. ಅದರ ಉತ್ತರದಲ್ಲಿ ಒಂದು ಬಿಟ್, ನಡುವೆ ಹೈಪರ್‌ವೈಸರ್ ಇದೆ ಎಂದು ಸಾರುತ್ತದೆ. ಮುಂದೆ ಕೇಳಿದರೆ ಹನ್ನೆರಡು ಅಕ್ಷರದ ಜಾಗದಲ್ಲಿ ಹೆಸರೂ ಸಿಗುತ್ತದೆ. ಕೆವಿಎಂ ತನ್ನ ಹೆಸರನ್ನು ಮೂರು ಸಲ ಹೇಳುತ್ತದೆ. ಲಿನಕ್ಸ್‌ಗೆ ಆ ಹೆಸರು ಗೊತ್ತು. ತಕ್ಷಣ ಕೆವಿಎಂಗೆಂದೇ ಮಾಡಿದ ಗಡಿಯಾರ ಬಳಸಲು ಶುರುಮಾಡುತ್ತದೆ. ವಿಂಡೋಸ್‌ಗೆ ಗೊತ್ತಿರುವುದು ಮೈಕ್ರೋಸಾಫ್ಟ್‌ನ ಹೈಪರ್-ವಿ. ಅದಕ್ಕೇ ಓಎಸ್ ಟೈಪ್ ವಿಂಡೋಸ್ ಎಂದಾಗ ಪ್ರಾಕ್ಸ್‌ಮಾಕ್ಸ್ ಕೆವಿಎಂ ಮೂಲಕ ಹೈಪರ್-ವಿಯ ಭಾಷೆಯಲ್ಲೇ ಮಾತಾಡಿಸುತ್ತದೆ. ಆಗ ವಿಂಡೋಸ್ ಸಮಯ ನೋಡಲು ಹಳೆಯ ಟೈಮರ್‌ನ ವೇಷವನ್ನು ಪದೇ ಪದೇ ಮುಟ್ಟುವುದಿಲ್ಲ. ಈಗ ನಿಮ್ಮಲ್ಲಿ ಮುಟ್ಟುತ್ತಿದೆ, ಮುಟ್ಟಿದಾಗಲೆಲ್ಲ ಒಂದು ಎಕ್ಸಿಟ್. ಯಾರೂ ಕೆಲಸ ಮಾಡದಿದ್ದರೂ ಪ್ರೊಸೆಸರ್ ಇಳಿಯದಿರುವುದಕ್ಕೆ ಕಾರಣ ಬಹುತೇಕ ಇದೇ. ಇಂಥ ಹೊತ್ತಿನಲ್ಲಿ ಇನ್ನೆರಡು ಕೋರ್ ಕೊಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೋರ್ ಜಾಸ್ತಿ ಆದರೆ ಟೈಮರ್ ಓದುವವರೂ ಜಾಸ್ತಿ ಆಗುತ್ತಾರೆ, ಅಷ್ಟೇ.

ನೀಲಿ ಪರದೆಯ ಕಾರಣ ಈಗ ನಿಮಗೇ ಹೊಳೆದಿರಬಹುದು. ವರ್ಟ್‌ಐಒ ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಲಿನಕ್ಸ್ ಕರ್ನೆಲ್ ಒಳಗೇ ಇದೆ. ನಿಮ್ಮ ಲಿನಕ್ಸ್ ಮೊದಲ ದಿನದಿಂದ ಚುರುಕಾಗಿರುವ ಗುಟ್ಟೂ ಅದೇ. ನೀವು ಡಿಸ್ಕ್ ಬದಲಿಸಿದಾಗ ವಿಂಡೋಸ್ ಏಳುವ ಹೊತ್ತಿಗೆ ತನ್ನ ಡಿಸ್ಕೇ ಕಾಣಲಿಲ್ಲ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಪರದೆಯಲ್ಲಿ ಬಂದಿರಬೇಕು. ಡೇಟಾಗೆ ಏನೂ ಆಗಿರಲಿಲ್ಲ. ನೀವು ವಾಪಸ್ ಬದಲಿಸಿದ್ದು ಸರಿಯಾದ ಕೆಲಸ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಒಂದು ಕಚೇರಿಯಲ್ಲಿ ನಾನೂ ಹೀಗೇ ಮಾಡಿ, ಆ ಪರದೆ ನೋಡಿ ಒಂದು ಗಂಟೆ ಒದ್ದಾಡಿದ್ದೆ. ವಾಪಸ್ ಬದಲಿಸಿದರೆ ಏಳುತ್ತದೆ ಎಂದು ಹೇಳುವವರು ಅವತ್ತು ಹತ್ತಿರ ಇರಲಿಲ್ಲ. ನಿಮಗೆ ಅದು ತಾನೇ ಹೊಳೆದಿದೆ.

ಸರಿಯಾದ ಕ್ರಮ ಹೇಳುತ್ತೇನೆ. ವ್ಯಾಪಾರ ಇಲ್ಲದ ದಿನ ಇಟ್ಟುಕೊಳ್ಳಿ. ಮೊದಲು ಪೂರ್ತಿ ಬ್ಯಾಕಪ್, ಸರ್ವರ್‌ನ ಹೊರಗಿನ ಡಿಸ್ಕಿಗೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದು ಅದೇ ಡಿಸ್ಕಿನಲ್ಲೇ ಇರುತ್ತದೆ. ಆ ಬ್ಯಾಕಪ್‌ನಿಂದ ಬೇರೆ ಸಂಖ್ಯೆಯ ವಿಎಂ ಮಾಡಿ, ನೆಟ್‌ವರ್ಕ್ ಕೇಬಲ್ ಕಿತ್ತ ಸ್ಥಿತಿಯಲ್ಲಿ ಒಮ್ಮೆ ಏಳಿಸಿ ನೋಡಿ. ಎದ್ದರೆ ಮಾತ್ರ ಮುಂದಿನ ಕೆಲಸ. ವಿಂಡೋಸ್‌ನ ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಒಂದು ಕಾಗದದಲ್ಲಿ ಬರೆದಿಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಕರ್ನೆಲ್ಲನ್ನು ಹಾಗೇ ಮಲಗಿಸಿಡುತ್ತದೆ. ಎದ್ದಾಗ ಕೆಳಗಿನ ಯಂತ್ರವೇ ಬದಲಾಗಿದ್ದರೆ ಗೊಂದಲ.

ಮೊದಲ ಬದಲಾವಣೆ ಓಎಸ್ ಟೈಪ್ ಒಂದೇ. ಬದಲಿಸಿ, ಪೂರ್ತಿ ಮುಚ್ಚಿ, ಮತ್ತೆ ಶುರು ಮಾಡಿ. ವಿಂಡೋಸ್ ನೆಟ್‌ವರ್ಕ್ ಕಾರ್ಡನ್ನು ಹೊಸದು ಎಂದು ಭಾವಿಸಿ ಐಪಿ ಮರೆತರೆ ಕಾಗದ ನೋಡಿ ಹಾಕಿ. ಎರಡು ಮೂರು ದಿನ ಹೀಗೇ ಬಿಡಿ. ಗಡಿಯಾರ ಮತ್ತು ಪ್ರೊಸೆಸರ್ ಗಮನಿಸಿ. ಇಷ್ಟಕ್ಕೇ ಸಾಕಷ್ಟು ವ್ಯತ್ಯಾಸ ಕಾಣುತ್ತದೆ.

ಆಮೇಲೆ ಡಿಸ್ಕ್. ಹಳೆಯ ಐಡಿಇ ಡಿಸ್ಕನ್ನು ಮುಟ್ಟಬೇಡಿ. ಕಂಟ್ರೋಲರನ್ನು ವರ್ಟ್‌ಐಒ ಸ್ಕಸಿ (ಡಿಸ್ಕ್ ಜೋಡಣೆಯ ಇನ್ನೊಂದು ಬಗೆ) ಎಂದು ಇಟ್ಟು, ಒಂದು ಜಿಬಿಯ ಖಾಲಿ ಡಿಸ್ಕನ್ನು ಸ್ಕಸಿಯಾಗಿ ಹೊಸದಾಗಿ ಸೇರಿಸಿ. ವರ್ಟ್‌ಐಒ-ವಿನ್ ಎಂಬ ಐಎಸ್‌ಒ ಫೈಲನ್ನು ಸಿಡಿ ಹಾಗೆ ಹಾಕಿ, ವಿಂಡೋಸ್ ಒಳಗೆ ಡ್ರೈವರ್ ಇನ್‌ಸ್ಟಾಲ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಖಾಲಿ ಡಿಸ್ಕ್ ಕಾಣಿಸಿತು ಅಂದರೆ ವಿಂಡೋಸ್‌ಗೆ ಈ ಭಾಷೆ ಬಂತು. ಆಗ ಮುಚ್ಚಿ, ಹಳೆಯ ಡಿಸ್ಕನ್ನು ಡಿಟ್ಯಾಚ್ ಮಾಡಿ, ಸ್ಕಸಿಯಾಗಿ ಮತ್ತೆ ಸೇರಿಸಿ. ಬೂಟ್ ಆರ್ಡರ್‌ನಲ್ಲಿ ಅದನ್ನೇ ಮೊದಲು ಇಡುವುದು ಮರೆಯಬೇಡಿ. ಬಹಳ ಜನ ಎಡವುವುದು ಇಲ್ಲೇ. ಎದ್ದಮೇಲೆ ಖಾಲಿ ಡಿಸ್ಕ್ ತೆಗೆದುಬಿಡಿ. ಬಯಾಸ್ (ಯಂತ್ರವನ್ನು ಏಳಿಸುವ ಮೊದಲ ಸಾಫ್ಟ್‌ವೇರ್) ಸಾಲಿನಲ್ಲಿ ಸೀಬಯಾಸ್ ಇದ್ದರೆ ಹಾಗೇ ಇರಲಿ. ಅದನ್ನು ಯುಇಎಫ್‌ಐಗೆ ಬದಲಿಸಿದರೆ ಈಗಿರುವ ವಿಂಡೋಸ್ ಏಳುವುದಿಲ್ಲ.

ನೆಟ್‌ವರ್ಕ್ ಕಾರ್ಡ್ ಕೊನೆಗೆ. ಮಾದರಿ ಮಾತ್ರ ಬದಲಿಸಿ, ಮ್ಯಾಕ್ ವಿಳಾಸ ಅದೇ ಇರಲಿ. ಕೆಲವು ಸಾಫ್ಟ್‌ವೇರ್‌ಗಳ ಲೈಸೆನ್ಸ್ ಅದಕ್ಕೆ ಗಂಟು ಬಿದ್ದಿರುತ್ತದೆ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರನ್ನು ಮೊದಲೇ ಒಂದು ಮಾತು ಕೇಳಿಟ್ಟುಕೊಳ್ಳಿ. ಬದಲಿಸಿದ ಮೇಲೆ ವಿಂಡೋಸ್ ಹತ್ತು ಗಿಗಾಬಿಟ್ ಎಂದು ತೋರಿಸಿದರೆ ಅದು ಬರೀ ಫಲಕ. ಹೊರಗಿನ ಸ್ವಿಚ್ ಎಷ್ಟಿದೆಯೋ ವೇಗ ಅಷ್ಟೇ.

ಡಿಸ್ಕಿನ ಕ್ಯಾಶ್ (ಡಿಸ್ಕಿಗೆ ಇಳಿಯುವ ಮೊದಲು ಡೇಟಾ ತಾತ್ಕಾಲಿಕವಾಗಿ ನಿಲ್ಲುವ ಜಾಗ) ಸಾಲಿನ ಬಗ್ಗೆ ಒತ್ತಿ ಹೇಳಬೇಕು, ನಮ್ಮ ಮಳೆಗಾಲ ಅಂಥದ್ದು. ವಿಂಡೋಸ್ ಮುಖ್ಯವಾದದ್ದನ್ನು ಬರೆದಮೇಲೆ, ಇದು ನಿಜವಾಗಿ ಡಿಸ್ಕಿಗೆ ಇಳಿಯಲಿ ಎಂದು ಕೇಳುತ್ತದೆ. ಅದಕ್ಕೆ ಫ್ಲಶ್ ಅನ್ನುತ್ತಾರೆ. ಕ್ಯಾಶ್ ಆಯ್ಕೆಗಳಲ್ಲಿ ಅನ್‌ಸೇಫ್ ಎಂಬುದೊಂದಿದೆ. ಅದು ಫ್ಲಶ್ಶನ್ನು ಕಿವಿಗೇ ಹಾಕಿಕೊಳ್ಳದೆ, ಆಯಿತು ಎಂದು ಹೇಳಿಬಿಡುತ್ತದೆ. ವೇಗ ಪರೀಕ್ಷೆಯಲ್ಲಿ ಅಂಕ ಬಹಳ ಚೆನ್ನಾಗಿ ಬರುತ್ತದೆ. ಹೊಸನಗರ ಕಡೆಯ ಒಂದು ಕಚೇರಿಯಲ್ಲಿ ಯಾರೋ ಅದನ್ನು ಇಟ್ಟಿದ್ದರು. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು, ಸರ್ವರ್ ಹಾಗೇ ನಿಂತಿತು. ಕರೆಂಟ್ ಬಂದಾಗ ಡೇಟಾಬೇಸ್ ತೆರೆಯಲೇ ಇಲ್ಲ. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದಕ್ಕೆ ಒಂದು ದಿನದ ಬಿಲ್ಲುಗಳನ್ನು ಕಾಗದ ನೋಡಿ ಮತ್ತೆ ಹೊಡೆಯುವುದರಲ್ಲಿ ಮುಗಿಯಿತು. ಪ್ರಾಕ್ಸ್‌ಮಾಕ್ಸ್ ತಾನಾಗಿ ಕೊಡುವ ನೋ ಕ್ಯಾಶ್ ಆಯ್ಕೆಯೇ ನಿಮಗೆ ಸಾಕು.

ಇನ್ನು ಬಾಗಿಲಿನ ಭಯ. ಅದು ಪೂರ್ತಿ ಸುಳ್ಳಲ್ಲ, ಆದರೆ ದಿಕ್ಕು ತಪ್ಪಿದೆ. ಗೆಸ್ಟ್ ಮುಟ್ಟಬಹುದಾದ ಪ್ರತಿಯೊಂದು ವಸ್ತುವೂ ಒಂದು ಬಾಗಿಲೇ, ಹಳೆಯ ವೇಷಗಳೂ ಸೇರಿ. 2015ರಲ್ಲಿ ಸುದ್ದಿಯಾದ ವೆನಮ್ ಎಂಬ ದೋಷ ಇದ್ದದ್ದು ವರ್ಟ್‌ಐಒದಲ್ಲಲ್ಲ. ಕೆವಿಎಂ ಜೊತೆ ಕೆಲಸ ಮಾಡುವ ಕ್ಯೂಎಮು ಎಂಬ ಭಾಗದ ಫ್ಲಾಪಿ ಡ್ರೈವ್ ವೇಷದಲ್ಲಿ. ಯಾರೂ ಬಳಸದ ಫ್ಲಾಪಿ ಮೂಲಕ ಗೆಸ್ಟ್ ಹೊರಗೆ ಬರುವ ಸಾಧ್ಯತೆ ಇತ್ತು. ವರ್ಟ್‌ಐಒದಲ್ಲೂ ದೋಷ ಸಿಕ್ಕಿವೆ, ಮುಂದೆಯೂ ಸಿಗಬಹುದು. ಅದಕ್ಕೆ ಮದ್ದು ಪ್ರಾಕ್ಸ್‌ಮಾಕ್ಸನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವುದು, ಬೇಡದ ವಸ್ತುಗಳನ್ನು ವಿಎಂನಿಂದ ತೆಗೆಯುವುದು. ಸಂಘದಂಥ ಕಚೇರಿಗೆ ವೈರಸ್ ಬರುವ ದಾರಿ ಹೆಚ್ಚಾಗಿ ಇದಕ್ಕಿಂತ ಬಹಳ ಸುಲಭದ್ದು: ಮೇಲ್‌ನಲ್ಲಿ ಬಂದ ಫೈಲ್, ಎಲ್ಲರಿಗೂ ಬರೆಯಲು ಬಿಟ್ಟ ಹಂಚಿಕೆ ಫೋಲ್ಡರ್, ಪ್ರಾಕ್ಸ್‌ಮಾಕ್ಸ್‌ಗೂ ವಿಂಡೋಸ್‌ಗೂ ಒಂದೇ ಪಾಸ್‌ವರ್ಡ್. ನಿಮ್ಮ ಲಿನಕ್ಸ್‌ನ ಬ್ಯಾಕಪ್ ಫೋಲ್ಡರ್‌ಗೆ ವಿಂಡೋಸ್‌ನಿಂದ ಬರೆಯಲು, ಅಳಿಸಲು ಬರುತ್ತದೆಯೇ ಎಂದು ಇವತ್ತೇ ನೋಡಿ. ಬರುತ್ತದೆ ಅಂದರೆ ಅದೇ ನಿಮ್ಮ ದೊಡ್ಡ ಬಾಗಿಲು. ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಮುಂದಿನ ದಾರಿಯನ್ನು ಕಮಿಟಿಯ ಮುಂದೆ ಬೇರೆ ವಿಷಯವಾಗಿಯೇ ಇಡಿ.

ಏನೂ ಬದಲಿಸದೆ ಹೀಗೇ ಬಿಟ್ಟರೆ ಆಗುವುದಿಲ್ಲವೇ ಎಂದು ಕಮಿಟಿಯವರು ಕೇಳಬಹುದು. ಆಗುತ್ತದೆ. ನಿಧಾನ ಇರುತ್ತದೆ, ಡೇಟಾಗೆ ಅದರಿಂದಲೇ ಅಪಾಯ ಇಲ್ಲ. ಆದರೆ ಗಡಿಯಾರವನ್ನು ಹಾಗೆ ಬಿಡಬೇಡಿ. ಬಿಲ್ಲಿನ ಸಮಯ ತಪ್ಪಿದರೆ ನಾಳೆ ಆಡಿಟ್‌ನವರಿಗೆ ಉತ್ತರ ಹೇಳಬೇಕಾದವರು ನೀವೇ. ಓಎಸ್ ಟೈಪ್ ಒಂದನ್ನಾದರೂ ಸರಿಮಾಡಿ. ಡಿಸ್ಕ್ ಬದಲಿಸುವ ಕೆಲಸ ಮಳೆ ನಿಂತ ಮೇಲೆ ಮಾಡಿದರೂ ನಡೆಯುತ್ತದೆ.

ವರ್ಟ್‌ಐಒ-ವಿನ್ ಐಎಸ್‌ಒದಲ್ಲೇ ಗೆಸ್ಟ್ ಏಜೆಂಟ್ ಎಂಬುದೂ ಇದೆ, ಅದನ್ನೂ ಹಾಕಿಕೊಂಡು ಪ್ರಾಕ್ಸ್‌ಮಾಕ್ಸ್ ಆಪ್ಷನ್ಸ್‌ನಲ್ಲಿ ಆನ್ ಮಾಡಿ. ಹೋಸ್ಟ್, ಅಂದರೆ ವಿಎಂಗಳನ್ನು ಓಡಿಸುವ ಸರ್ವರ್, ಅದರ ಮೂಲಕ ವಿಂಡೋಸ್‌ಗೆ ಸರಿಯಾಗಿ ಮುಚ್ಚಿಕೋ ಎಂದು ಹೇಳಬಹುದು. ಬ್ಯಾಟರಿ ಕಡಿಮೆಯಾದಾಗ ಹೋಸ್ಟ್‌ಗೆ ತಿಳಿಸುವ ಯುಪಿಎಸ್ ಇದ್ದರೆ ಅದನ್ನು ಯುಎಸ್‌ಬಿಯಲ್ಲಿ ಸೇರಿಸಿ ಹೊಂದಿಸಿ. ಎಲ್ಲಾ ಆದಮೇಲೆ ಒಂದು ಸಂಜೆ, ಎಲ್ಲರೂ ಮನೆಗೆ ಹೋದಮೇಲೆ, ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ನೀವೇ ಕಿತ್ತು ನೋಡಿ. ಮೊದಲು ವಿಂಡೋಸ್, ಲಿನಕ್ಸ್ ಎರಡೂ, ಕೊನೆಗೆ ಸರ್ವರ್ ತಾವಾಗಿ ಮುಚ್ಚಿಕೊಳ್ಳಬೇಕು. ಎಷ್ಟು ನಿಮಿಷ ಹಿಡಿಯಿತು ಎಂದು ಬರೆದು, ಐಪಿ ಬರೆದ ಆ ಕಾಗದದ ಜೊತೆಗೇ ಸರ್ವರ್ ಪಕ್ಕದ ಗೋಡೆಗೆ ಅಂಟಿಸಿಡಿ.